ಸೊನ್ನೆ ಒತ್ತಿದ ಮಳೆಗಾಲ

ಹೋದ ವಾರ ಉಪ್ಪಾರಹಳ್ಳಿಯಲ್ಲಿ ನಮ್ಮ ಪಕ್ಕದ ಮನೆಯ ಹೊಸಿಲಿಗೆ ಕಲ್ಲು ಕೂರಿಸುತ್ತಿದ್ದ ಕೆಲಸಗಾರನೊಬ್ಬ ಎರಡು ಟ್ಯೂಬಿನ ಅಂಟು ಕಲಸುತ್ತಿದ್ದ. ಎರಡೂ ಟ್ಯೂಬು ಬೆರೆತಾಗ ಒಂದು ಘಾಟು ಏಳುತ್ತದೆ, ಮೀನಿನ ಅಂಗಡಿಗೂ ಆಸ್ಪತ್ರೆಗೂ ನಡುವಿನ ಘಾಟು. ಅದು ಕಾಂಪೌಂಡು ದಾಟಿ ಬಂದದ್ದೇ ತಡ, ನನ್ನ ಬಲಗೈ ತಾನಾಗಿ ಮೇಲೆದ್ದು ತಲೆಗೆ ಅಡ್ಡ ನಿಂತಿತು. ಎಡಗೈ ಏಳಲಿಲ್ಲ. ಎರಡು ಸಾವಿರದ ಐದರ ಮಳೆಗಾಲದಿಂದ ಈಚೆಗೆ ಅದು ಭುಜಕ್ಕಿಂತ ಮೇಲೆ ಏಳುವುದೇ ಇಲ್ಲ. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಯಾರು ಹೊಡೆಯೋಕ್ ಬಂದ್ರು?" ಎಂದು ನಕ್ಕಳು. ಯಾರೂ ಬಂದಿರಲಿಲ್ಲ. ಹೊಡೆದವನು ಸತ್ತು ಬಹಳ ವರ್ಷವಾಯಿತು.

ಆಗ ನನಗೆ ಮೂವತ್ತೊಂದು. ತುಮಕೂರಿನ ಇಂಜಿನಿಯರಿಂಗ್ ಕಾಲೇಜೊಂದರ ಲ್ಯಾಬಿನಲ್ಲಿ ಉಪಕರಣಗಳನ್ನು ನೋಡಿಕೊಳ್ಳುವ ಕೆಲಸ. ಗುಬ್ಬಿಯಿಂದ ಕುಣಿಗಲ್ ಕಡೆಗೆ ಹೋಗುವ ಒಂದು ಒಳದಾರಿಯಲ್ಲಿ ಶಿಂಷಾ ಹೊಳೆಗೆ ಹಳೆಯ ಸೇತುವೆಯೊಂದಿತ್ತು. ಕಲ್ಲಿನ ಕಂಬಗಳು, ಅವುಗಳ ಮೇಲೆ ಕಾಂಕ್ರೀಟಿನ ರಸ್ತೆ. ಕೆಳಗೆ ಮರಳು ತೆಗೆಯುವವರು ನಡುಗಂಬದ ಬುಡಕ್ಕೇ ಮಷೀನು ಬಿಟ್ಟು ಅಗೆಯುತ್ತಿದ್ದರು. ಊರಿನವರು ಅರ್ಜಿ ಹಾಕಿದರು. ರಸ್ತೆ ಸೇತುವೆಗಳ ಇಲಾಖೆಯವರು ನಮ್ಮ ಕಾಲೇಜಿಗೆ ಹೇಳಿದರು, ಒಂದು ಮಳೆಗಾಲ ಈ ಸೇತುವೆಯ ಆರೋಗ್ಯ ನೋಡಿಕೊಳ್ಳಿ ಎಂದು. ನಮ್ಮ ಪ್ರೊಫೆಸರು ಒಂದು ಸೆನ್ಸರ್ ತರಿಸಿದರು. ಅಂಗೈಯಗಲದ್ದು. ಕಂಬಕ್ಕೆ ಅಂಟಿಸಿದರೆ ಸಾಕು, ಕಂಬ ಕೂದಲೆಳೆಯಷ್ಟು ವಾಲಿದರೂ ಅದಕ್ಕೆ ತಿಳಿಯುತ್ತದೆ. ಅಲ್ಲಿಂದ ಹೊರಟ ವೈರು ದಡದ ಮೇಲಿನ ತಗಡಿನ ಶೆಡ್ಡಿಗೆ, ಶೆಡ್ಡಿನೊಳಗಿನ ಪೆಟ್ಟಿಗೆಗೆ ಬರುತ್ತಿತ್ತು. ಪೆಟ್ಟಿಗೆಯ ಮುಖದ ಮೇಲೆ ಕೆಂಪು ಅಂಕಿ, ಅದರ ಕೆಳಗೆ ಎರಡು ಬಟನ್ನು. ಹತ್ತು ನಿಮಿಷಕ್ಕೊಮ್ಮೆ ಪೆಟ್ಟಿಗೆ ಆ ಅಂಕಿಯನ್ನು ತನ್ನೊಳಗೆ ಬರೆದಿಟ್ಟುಕೊಳ್ಳುತ್ತಿತ್ತು. ಶನಿವಾರ ಶನಿವಾರ ನಾನು ಬೈಕಿನಲ್ಲಿ ಹೋಗಿ ಅಷ್ಟನ್ನೂ ಲ್ಯಾಪ್‌ಟಾಪಿಗೆ ಇಳಿಸಿಕೊಂಡು ಬರಬೇಕು, ತಿಂಗಳಿಗೊಂದು ವರದಿ ಬರೆಯಬೇಕು. ಕೆಲಸ ಇಷ್ಟೇ.

ಸೆನ್ಸರ್ ಅಂಟಿಸಿದ ದಿನ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಸೇತುವೆಯಿಂದ ಕೆಳಗಿಳಿದು, ಕಲ್ಲು ಉಜ್ಜಿ, ಆ ಅಂಟು ಬಳಿದು, ಅದು ಬಿಗಿಯುವವರೆಗೆ ಎರಡೂ ಕೈಯಲ್ಲಿ ಒತ್ತಿ ಹಿಡಿದು ನೇತಾಡಿದ್ದೆ. ಮೇಲೆ ಹಗ್ಗ ಹಿಡಿದಿದ್ದವರು ಸಿದ್ದಲಿಂಗಪ್ಪ.

"ಗಟ್ಟಿಯಾಗಿ ಹಿಡ್ದಿದೀರಾ ಸಿದ್ಲಿಂಗಣ್ಣ?" ಎಂದು ಕೆಳಗಿನಿಂದ ಕೂಗಿದೆ.

"ಮೂವತ್ತು ಟನ್ ಲಾರಿ ತೂಗ್ದವ್ನು ಕಣ್ರೀ ನಾನು. ನೀವು ಒಂದ್ ಮೂಟೆ ಅಕ್ಕಿ ಇದ್ದೀರಾ? ಸುಮ್ನೆ ನಿಮ್ ಕೆಲಸ ನೋಡಿ ಅನ್ವರ್ ಸಾಬ್ರೇ."

ಸಿದ್ದಲಿಂಗಪ್ಪ ಬೆಳ್ಳಾವಿಯವರು. ಐವತ್ತೆಂಟು ದಾಟಿತ್ತು. ಹಣೆಯ ತುಂಬ ವಿಭೂತಿ, ಎದೆಯ ಮೇಲೆ ಲಿಂಗವಿರುವ ಬೆಳ್ಳಿಯ ಕರಡಿಗೆ. ಸತ್ಯಮಂಗಲದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಲಾರಿ ತೂಗುವ ಕಾಟಾದ ಮುಂದೆ ಇಪ್ಪತ್ತೆರಡು ವರ್ಷ ಕೂತಿದ್ದವರು. ಆ ಕಾಟಾ ಮುಚ್ಚಿ ಮನೆಯಲ್ಲಿದ್ದರು. ಕೆಂಪು ಅಂಕಿ ನೋಡಿ ಅಭ್ಯಾಸವಿದೆ, ಸುಳ್ಳು ಹೇಳುವವರಲ್ಲ ಎಂದು ಪ್ರೊಫೆಸರೇ ಅವರನ್ನು ಹುಡುಕಿ ತಂದರು. ಪೆಟ್ಟಿಗೆ ಕಾಯುವುದು, ಬ್ಯಾಟರಿ ಬದಲಿಸುವುದು, ಮಳೆ ಬಂದರೆ ಟಾರ್ಪಾಲು ಹೊದಿಸುವುದು ಅವರ ಪಾಲಿನ ಕೆಲಸ. ಶೆಡ್ಡಿನಲ್ಲೇ ಅವರ ವಾಸ. ಮುಂಜಾನೆ ಹೊಳೆಯಲ್ಲಿ ಮಿಂದು ಲಿಂಗಪೂಜೆ ಮುಗಿಸಿ ಪೆಟ್ಟಿಗೆಗೂ ಒಂದು ಊದುಬತ್ತಿ ಬೆಳಗುತ್ತಿದ್ದರು. ಕಾಟಾಕ್ಕೂ ಹಾಗೇ ಮಾಡುತ್ತಿದ್ದರಂತೆ. ನನಗೆ ಅದು ಚೆಂದವಾಗಿಯೇ ಕಂಡಿತ್ತು.

ಚೆಂದವೆನ್ನುವುದು ಅಲ್ಲಿ ಅದೊಂದೇ. ಬೆಳಗಾದರೆ ಮಷೀನು ಹೊಳೆಯ ಹೊಟ್ಟೆ ಬಗೆಯುತ್ತಿತ್ತು. ಮರಳು ತುಂಬಿದ ಲಾರಿಗಳು ಒಂದರ ಬಾಲಕ್ಕೊಂದು ಹತ್ತಿಕೊಂಡು ಸೇತುವೆಯ ಮೇಲೆ ನುಗ್ಗುವಾಗ ಶೆಡ್ಡಿನ ತಗಡು ಹಲ್ಲು ಕಡಿದ ಹಾಗೆ ಕಟಕಟ ಎನ್ನುತ್ತಿತ್ತು. ಮರಳು ತೆಗೆಯುವವರಲ್ಲಿ ಎರಡು ಗುಂಪು. ನಡುಗಂಬದ ಬುಡದ ಮರಳು ನುಣ್ಣಗಿನದು ಎಂದು ಎರಡಕ್ಕೂ ಅದೇ ಬೇಕು. ಸೆಪ್ಟೆಂಬರಿನ ಒಂದು ಶನಿವಾರ ನಾನು ಅಂಕಿ ಇಳಿಸಿಕೊಳ್ಳುತ್ತಿರುವಾಗಲೇ ಕೆಳಗೆ ಸಲಿಕೆಗಳು ಎದ್ದವು. ಮನುಷ್ಯನ ಮೇಲೆ ಸಲಿಕೆ ಬಿದ್ದಾಗ ಬರುವ ಸದ್ದು ಮಣ್ಣಿನ ಮೇಲೆ ಬಿದ್ದ ಸದ್ದಿಗಿಂತ ಬೇರೆಯಲ್ಲ ಎಂದು ಅವತ್ತು ತಿಳಿಯಿತು. ಒಬ್ಬ ಮೊಣಕಾಲುದ್ದ ನೀರಿನಲ್ಲಿ ಬೋರಲು ಬಿದ್ದ. ಇನ್ನೊಬ್ಬ ಕಿವಿ ಹಿಡಿದುಕೊಂಡು ದಡ ಹತ್ತಿ ಓಡಿಬಂದ, ಬೆರಳಿನ ಸಂದಿಯಿಂದ ರಕ್ತ ಚಿಮ್ಮುತ್ತಿತ್ತು, ಕಿವಿ ಅರ್ಧ ಹರಿದು ಜೋತಾಡುತ್ತಿತ್ತು. ಅವನೇ ಮಂಜ, ಲಾರಿ ಡ್ರೈವರ್. ಇಪ್ಪತ್ತೈದಿರಬಹುದು. ಸಿದ್ದಲಿಂಗಪ್ಪ ತಮ್ಮ ಹೆಗಲ ಟವಲು ತೆಗೆದು ಅವನ ತಲೆಗೆ ಬಿಗಿಯಾಗಿ ಸುತ್ತಿದರು.

"ಅಳ್ಬೇಡ ಕಣೋ, ಕಿವಿ ಎಲ್ಲೂ ಹೋಗಿಲ್ಲ, ಇಲ್ಲೇ ಇದೆ."

"ಅಳ್ತಿಲ್ಲ ಯಜಮಾನ್ರೇ, ಉರಿ. ಹೊಲೀತಾರಾ ಇದ್ನ?"

"ಗೋಣಿಚೀಲನೇ ಹೊಲೀತಾರಂತೆ, ನಿನ್ ಕಿವಿ ಹೊಲಿಯಲ್ವಾ!"

ಹೊಲಿದರು. ಕಿವಿ ಸ್ವಲ್ಪ ಸೊಟ್ಟಗೆ ಕೂತಿತು. ಅಲ್ಲಿಂದ ಮುಂದೆ ಮಂಜ ಗುಬ್ಬಿಯಿಂದ ಬರುವಾಗೆಲ್ಲ ಸಿದ್ದಲಿಂಗಪ್ಪನವರಿಗೆ ಬಾಳೆಹಣ್ಣೋ, ಎಲೆಯಲ್ಲಿ ಕಟ್ಟಿದ ಬೋಂಡವೋ ತಂದುಕೊಡುತ್ತಿದ್ದ. ನನ್ನನ್ನು ಕಂಡರೆ, "ಏನ್ ಸಾಬ್ರೇ, ನಿಮ್ ಡಬ್ಬ ಏನಂತದೆ? ಬೀಳ್ತದಂತಾ?" ಎಂದು ಕೆಣಕುತ್ತಿದ್ದ. "ಇನ್ನೂ ಏನೂ ಅಂದಿಲ್ಲ ಕಣೋ" ಎನ್ನುತ್ತಿದ್ದೆ.

ಡಬ್ಬ ಅಂದಿತ್ತು. ನನಗೆ ಕೇಳಿಸಿರಲಿಲ್ಲ.

ತಿಂಗಳ ಕೊನೆಗೆ ಅಂಕಿಗಳನ್ನೆಲ್ಲ ಗೆರೆ ಎಳೆದು ನೋಡಿದಾಗ ಒಂದೇ ಆಕಾರ. ದಿನವಿಡೀ ಅಂಕಿ ಮೆಲ್ಲಗೆ ಏರುತ್ತದೆ, ಮಾರನೆಯ ಬೆಳಿಗ್ಗೆ ಮತ್ತೆ ಸೊನ್ನೆಗೆ ಬರುತ್ತದೆ. ಗರಗಸದ ಹಲ್ಲುಗಳ ಹಾಗೆ, ಒಂದಾದಮೇಲೊಂದು. ನಾನು ಬುದ್ಧಿವಂತನೆಂದುಕೊಂಡೆ. ಬಿಸಿಲಿಗೆ ಕಲ್ಲು ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ, ಹಾಗಾಗಿ ಕಂಬ ಹಗಲು ತುಸು ವಾಲಿ ಬೆಳಗಿನ ಹೊತ್ತಿಗೆ ಸರಿಯಾಗುತ್ತಿದೆ. ಪುಸ್ತಕದಲ್ಲೂ ಹಾಗೇ ಇತ್ತು. 'ದಿನನಿತ್ಯದ ಈ ಬದಲಾವಣೆ ಬಿಸಿಲಿನಿಂದ ಆದದ್ದು. ಸೇತುವೆ ಸುಭದ್ರವಾಗಿದೆ' ಎಂದು ಬರೆದೆ. ಪ್ರೊಫೆಸರು ಜ್ವರ ಬಂದು ಮಲಗಿದ್ದರಿಂದ ಕೆಳಗೆ ರುಜು ಹಾಕಿದವನೂ ನಾನೇ. ಸರ್ಕಾರಿ ಕಾಗದದ ಕೆಳಗೆ ನನ್ನ ಹೆಸರು ಬಿದ್ದದ್ದು ಅದೇ ಮೊದಲು. ಅಪ್ಪನಿಗೆ, ನಮ್ಮ ಅಬ್ಬಾಗೆ, ತೋರಿಸಿದೆ. ಮಾರ್ಕೆಟ್ಟಿನ ಪಕ್ಕ ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದ್ದ ಅಬ್ಬಾ ಕನ್ನಡಕವನ್ನು ಮೇಲೆ ಸರಿಸಿ ಆ ರುಜುವನ್ನೇ ಬಹಳ ಹೊತ್ತು ನೋಡಿದರು.

ಮಂಜನ ಗುಂಪಿನ ಮರಳು ಧಣಿಗೆ ಆ ವರದಿಯ ಪ್ರತಿ ಹೇಗೆ ಸಿಕ್ಕಿತೋ ಕಾಣೆ. ಝೆರಾಕ್ಸ್ ಮಾಡಿಸಿ, ಲ್ಯಾಮಿನೇಷನ್ ಹಾಕಿಸಿ, ಲಾರಿಗೊಂದರಂತೆ ಹಂಚಿಬಿಟ್ಟ. ಊರಿನವರು ಅಡ್ಡ ಬಂದಾಗೆಲ್ಲ ಡ್ರೈವರುಗಳು ಅದನ್ನು ಎತ್ತಿ ತೋರಿಸುವರು.

ಅಕ್ಟೋಬರಿನಲ್ಲಿ ಹಸ್ತ ಮಳೆ ಹಿಡಿಯಿತು. ಹಿಡಿದದ್ದು ಬಿಡಲಿಲ್ಲ. ಹೊಲದ ರಾಗಿ ನೆಲಕ್ಕೆ ಒರಗಿತು. ಕೆರೆಗಳು ಕೋಡಿ ಬಿದ್ದವು. ಶಿಂಷಾ ಕೆಂಪಗಾಗಿ, ಮರದ ಬೊಡ್ಡೆಗಳನ್ನು, ಸತ್ತ ಕುರಿಗಳನ್ನು ಹೊತ್ತು ತಂದು ನಡುಗಂಬಕ್ಕೆ ಅಪ್ಪಳಿಸತೊಡಗಿತು. ಒಂದೊಂದು ಬೊಡ್ಡೆ ಬಡಿದಾಗಲೂ ಹೊಳೆಯ ದಡವೇ ಗುಮ್ಮೆನ್ನುತ್ತಿತ್ತು. ಒಂದು ವಾರ ಸೂರ್ಯನ ಮುಖ ಕಾಣಲಿಲ್ಲ. ಆ ಶನಿವಾರ ನೆನೆದು ತೊಪ್ಪೆಯಾಗಿ ಶೆಡ್ಡು ಸೇರುವಾಗ ಎಂಟೂವರೆ. ಅಂಕಿ ಇಳಿಸಿಕೊಂಡು ಅಲ್ಲೇ ತೆರೆದು ನೋಡಿದೆ.

ಗರಗಸದ ಹಲ್ಲು ಹಾಗೇ ಇತ್ತು. ಅಲ್ಲ, ಇನ್ನೂ ಉದ್ದವಾಗಿತ್ತು.

ಬಿಸಿಲೇ ಇಲ್ಲದ ವಾರದಲ್ಲಿ ಯಾವ ಕಲ್ಲು ಹಿಗ್ಗಿತು? ಆ ಗೆರೆಯನ್ನು ಹಿಗ್ಗಿಸಿ ನೋಡಿದೆ. ಏರುವುದು ಮೆಲ್ಲಗೆ, ಇಳಿಯುವುದು ಮಾತ್ರ ಕಡಿದ ಹಾಗೆ, ಒಂದೇ ಏಟಿಗೆ, ದಿನಾ ಆರೂವರೆಗೆ. ಕಲ್ಲಿಗೆ ಗಡಿಯಾರ ಗೊತ್ತಿಲ್ಲವಲ್ಲ.

"ಸಿದ್ಲಿಂಗಣ್ಣ, ದಿನಾ ಬೆಳಿಗ್ಗೆ ಆರೂವರೆಗೆ ಏನ್ ಮಾಡ್ತೀರಾ?"

"ಆರೂವರೆಗಾ? ಪೂಜೆ ಮುಗಿಸಿ, ಪೆಟ್ಟಿಗೆಗೆ ಊದುಬತ್ತಿ ಬೆಳಗಿ, ಸೊನ್ನೆ ಒತ್ತೀನಿ."

"ಸೊನ್ನೆ ಒತ್ತೀರಾ?"

"ಮತ್ತೆ! ಹಿಂದಿನ ದಿನದ್ದು ನಿಂತಿರ್ತದಲ್ಲ ಅಂಕಿ, ಅದನ್ನ ಹಂಗೇ ಬಿಡೋಕಾಯ್ತದಾ? ಸೊನ್ನೆ ಮಾಡ್ದೆ ದಿನ ಶುರು ಮಾಡೋ ಕಾಟಾದವ್ನು ಕಳ್ಳ ಸಾಬ್ರೇ. ಇಪ್ಪತ್ತೆರಡು ವರ್ಷದಲ್ಲಿ ಒಂದಿನ ಬಿಟ್ಟವ್ನಲ್ಲ ನಾನು." ಹೇಳುವಾಗ ಅವರ ಮುಖದಲ್ಲಿ ಹೆಮ್ಮೆಯಿತ್ತು. ನನ್ನ ಮುಖ ನೋಡುತ್ತ ನೋಡುತ್ತ ಅದು ಇಳಿಯಿತು. "ಯಾಕ್ರೀ? ಒತ್ತಬಾರ್ದಿತ್ತಾ?"

ಒತ್ತಬಾರದೆಂದು ನಾನು ಹೇಳಿಯೇ ಇರಲಿಲ್ಲ. ಹೇಳಬೇಕೆಂದು ಹೊಳೆದೂ ಇರಲಿಲ್ಲ. ಅಬ್ಬಾ ಯಾವ ಗಡಿಯಾರದ ಮುಳ್ಳನ್ನು ತಿರುಗಿಸುವ ಮುಂಚೆಯೂ ಅದು ಎಷ್ಟು ನಿಮಿಷ ತಪ್ಪಿದೆ ಎಂದು ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದರು. ಆ ಚೀಟಿಗಳ ನಡುವೆಯೇ ಬೆಳೆದವನು ನಾನು.

ದಿನದಿನದ ಹಲ್ಲುಗಳನ್ನು ಒಂದರ ಮೇಲೊಂದು ಕೂಡಿದೆ. ಕಂಬ ಒಂದು ದಿನವೂ ಹಿಂದಕ್ಕೆ ಬಂದಿರಲಿಲ್ಲ. ದಿನಾ ವಾಲಿತ್ತು, ನಾವು ದಿನಾ ಅಳಿಸಿದ್ದೆವು. ಸಿದ್ದಲಿಂಗಪ್ಪ ಹುರಿಗೆ ಒಂದು ಕಲ್ಲು ಕಟ್ಟಿ, ಮಳೆಯಲ್ಲೇ ಹೋಗಿ, ಕಂಬದ ನೆತ್ತಿಯಿಂದ ಇಳಿಬಿಟ್ಟರು. ಕಂಬ ನೆಟ್ಟಗಿದ್ದರೆ ಹುರಿ ಅದಕ್ಕೆ ತಾಗಿಕೊಂಡು ಇಳಿಯಬೇಕು. ನೀರಿನ ಮಟ್ಟಕ್ಕೆ ಬರುವಾಗ ಕಂಬಕ್ಕೂ ಹುರಿಗೂ ನಡುವೆ ನಾಲ್ಕು ಬೆರಳು ಜಾಗವಿತ್ತು.

ಊರಿನ ಅಂಗಡಿಯ ಕಾಯಿನ್ ಫೋನಿನಿಂದ ಇಲಾಖೆಯ ಸಾಹೇಬರಿಗೆ ಮಾಡಿದೆ. "ಈ ಕ್ಷಣ ಮುಚ್ಚಿಸಬೇಕು ಸಾರ್."

"ಹೋದ ತಿಂಗಳು ಸುಭದ್ರ ಅಂತ ನೀವೇ ಬರ್ದಿದೀರಲ್ರೀ? ಈಗ ಬೀಳ್ತದೆ ಅಂದ್ರೆ? ಬರವಣಿಗೇಲಿ ಕೊಡಿ, ಸೋಮವಾರ ನೋಡೋಣ."

ಅವತ್ತು ಸಂತೆ. ಒಂಬತ್ತೂಕಾಲಿಗೆ ಗುಬ್ಬಿಯಿಂದ ಪ್ರೈವೇಟ್ ಬಸ್ಸು ಬರಬೇಕು, ಒಳಗೆಷ್ಟೋ ಟಾಪಿನ ಮೇಲೂ ಅಷ್ಟೇ ಜನ. ನಾವಿಬ್ಬರೂ ಬೇಲಿಯ ಜಾಲಿಮುಳ್ಳು ಎಳೆದು ತಂದು ಸೇತುವೆಯ ಬಾಯಿಗೆ ಹಾಕಿದೆವು. ಕೈಯೆಲ್ಲ ಗೀರಿ ರಕ್ತ. ಕಲ್ಲು ಉರುಳಿಸುತ್ತಿದ್ದಾಗ ಹಿಂದಿನಿಂದ ಹಾರನ್ನು ಬಂತು. ದಡದಲ್ಲಿ ಮೊದಲೇ ರಾಶಿ ಹಾಕಿದ್ದ ಮರಳು ತುಂಬಿದ ಲಾರಿ. ಮಂಜ.

"ಏನ್ ಸಾಬ್ರೇ, ಮುಳ್ಳು ಹಾಕ್ಕೊಂಡು? ತೆಗೀರಿ, ಬೆಂಗ್ಳೂರಿಗೆ ಓಗ್ಬೇಕು."

"ಹೋಗ್ಬೇಡ ಮಂಜ. ಕಂಬ ವಾಲಿದೆ."

ಅವನು ಇಳಿದು ಬಂದ. ಒಂದು ಕೈಯಲ್ಲಿ ಲ್ಯಾಮಿನೇಷನ್ ಹಾಕಿದ ಹಾಳೆ. "ಇದು ನಿನ್ ರುಜು ಅಲ್ವೇನ್ಲಾ?"

"ನಂದೇ. ತಪ್ಪು ಬರ್ದಿದ್ದೆ ಕಣೋ."

"ಅವತ್ತು ಸರಿ, ಇವತ್ತು ತಪ್ಪಾ? ಆ ಗುಂಪ್ನೋರು ಏಳ್ಕೊಟ್ರಾ? ನಮ್ ಲಾರಿ ನಿಲ್ಸಿದ್ರೆ ಅವ್ರದು ನಡೀತದೆ ಅಂತಾನಾ?" ಹರಿದು ಹೊಲಿದ ಕಿವಿ ಕೆಂಪಗಾಗಿತ್ತು. ಅವನ ಮಟ್ಟಿಗೆ ಜಗತ್ತಿನಲ್ಲಿದ್ದದ್ದು ಎರಡೇ ಪಕ್ಷ, ಒಂದು ಅವನ ಕಿವಿ ಕಡಿದದ್ದು. ನಾನು ಅದರ ಕಡೆಯವನೆಂದು ಅವನಿಗೆ ಆ ಗಳಿಗೆಯಲ್ಲಿ ಖಾತ್ರಿಯಾಯಿತು. ನಾನು ಮುಳ್ಳಿನ ಮೇಲೆ ಕಾಲಿಟ್ಟು ನಿಂತೆ. ಅವನ ಇನ್ನೊಂದು ಕೈಯಲ್ಲಿ ಚಕ್ರದ ನಟ್ಟು ಬಿಚ್ಚುವ ವೀಲ್ ಪಾನಾ ಇತ್ತೆಂದು ನನಗೆ ಗೊತ್ತಾದದ್ದು ಅದು ಎಡಭುಜದ ಮೇಲೆ ಬಿದ್ದಾಗ. ಒಳಗೆ ಒಣಕಟ್ಟಿಗೆ ಮುರಿದ ಸದ್ದು. ಎರಡನೆಯದು ಬೆನ್ನಿಗೆ. ಮೂರನೆಯದಕ್ಕೆ ಬಲಗೈ ಅಡ್ಡ ಹಿಡಿದೆ. ಕೆಸರಿನಲ್ಲಿ ಬಿದ್ದವನ ಬಾಯಿಗೆ ರಕ್ತವೂ ಮಳೆಯೂ ಒಟ್ಟಿಗೆ ಬಂತು. ಅಡ್ಡ ಬಂದ ಸಿದ್ದಲಿಂಗಪ್ಪನವರನ್ನು ಮಂಜ ಹೊಡೆಯಲಿಲ್ಲ. "ನೀವು ಸುಮ್ಕೆ ಇರ್ರೀ ಯಜಮಾನ್ರೇ" ಎಂದು ತಳ್ಳಿದ ಅಷ್ಟೇ. ಆಮೇಲೆ ಮುಳ್ಳನ್ನೆಲ್ಲ ಕಾಲಿನಿಂದ ಒದ್ದು ಹೊಳೆಗೆ ಹಾಕಿದ, ಕಲ್ಲುಗಳನ್ನು ಬದಿಗೆ ತಳ್ಳಿದ.

ಅಷ್ಟರಲ್ಲಿ ಬಸ್ಸು ಬಂತು. ದಾರಿ ಬಿಚ್ಚಿದ್ದು ಕಂಡು ಲಾರಿಯ ಪಕ್ಕಕ್ಕೆ ನುಸುಳಿ ಮುಂದಾಗಲು ನೋಡಿತು. ಕಂಡಕ್ಟರು ಬಾಗಿಲಿನಲ್ಲಿ ಜೋತುಬಿದ್ದು "ರೈಟ್ ರೈಟ್" ಎನ್ನುತ್ತಿದ್ದ. ಸಿದ್ದಲಿಂಗಪ್ಪ ಕೈ ಅಡ್ಡ ಚಾಚಿದರು, ಕೂಗಿದರು. ಹೊಳೆಯ ಆರ್ಭಟದಲ್ಲಿ ಅವರ ದನಿ ಅವರಿಗೇ ಕೇಳಿಸಿರಲಾರದು. ಬಸ್ಸಿನ ಮುಂದಿನ ಗಾಲಿ ಸೇತುವೆಯ ಮೇಲೆ ಹತ್ತಿತು.

ಇರುವೆ ಕಂಡರೂ ಕಾಲು ಎತ್ತಿ ದಾಟುತ್ತಿದ್ದ ಮನುಷ್ಯ ಅವರು. ನಾವು ಉರುಳಿಸಿದ್ದ ಕಲ್ಲುಗಳಲ್ಲಿ ತೆಂಗಿನಕಾಯಿ ಗಾತ್ರದ್ದೊಂದನ್ನು ಎರಡೂ ಕೈಯಲ್ಲಿ ಎತ್ತಿ, ತಲೆಯ ಮೇಲೆ ತಂದು, ಬಸ್ಸಿನ ಮುಂದಿನ ಗಾಜಿಗೆ ಬೀಸಿ ಹೊಡೆದರು. ಇಡೀ ಗಾಜು ಉಪ್ಪಿನ ಹರಳಿನ ಹಾಗೆ ಸುರಿಯಿತು. ಡ್ರೈವರನ ಹಣೆ ಒಡೆಯಿತು. ಬ್ರೇಕು ಕಿರುಚಿತು. ಒಳಗೆ ಹೆಂಗಸರ ಅರಚಾಟ, ಯಾರದೋ ಮಗುವಿನ ಕೂಗು. ಗಂಡಸರು ಬಾಗಿಲು ಕಿಟಕಿ ಎನ್ನದೆ ದುಮುಕಿದರು.

"ಹಾಕ್ರಲೇ ಅವ್ನಿಗೆ!"

"ಮುದುಕ ಅಂತ ಬಿಡ್ಬೇಡಿ, ಮಕ್ಕಳಿದ್ರೂ ಕಲ್ಲು ಹೊಡ್ದವ್ನೆ!"

ಚಪ್ಪಲಿ, ಛತ್ರಿ, ಮುಷ್ಟಿ. ನಾನು ಕೆಸರಿನಲ್ಲಿ ತೆವಳುತ್ತ "ಬೇಡ, ಬೇಡ, ಸೇತುವೆ ಬೀಳ್ತದೆ" ಎನ್ನುತ್ತಿದ್ದೆ. ಗದ್ದಲದಲ್ಲಿ ಅದು ಯಾರಿಗೂ ಬೇಕಿರಲಿಲ್ಲ. ಸಿದ್ದಲಿಂಗಪ್ಪ ತಿರುಗಿ ಒಂದು ಕೈಯನ್ನೂ ಎತ್ತಲಿಲ್ಲ. ಕರಡಿಗೆಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಮುದುರಿದ್ದರು. ಒಂದು ಛತ್ರಿಯ ಮೊನೆ ಅವರ ಎಡಗಣ್ಣಿಗೆ ಹೋದದ್ದನ್ನು ನಾನು ನೋಡಿದೆ. ನೋಡಬಾರದಿತ್ತು. ಈಗ ಲೆಕ್ಕ ಹಾಕಿದರೆ ಅನ್ನಿಸುತ್ತದೆ, ಜನ ಹೊಡೆಯುತ್ತಿದ್ದಷ್ಟು ಹೊತ್ತೂ ಬಸ್ಸು ನಿಂತಿತ್ತು.

ಮಂಜ ಲಾರಿ ಹತ್ತಿದ್ದ. ಕಿಟಕಿಯಿಂದ ಆ ಹಾಳೆಯನ್ನು ಎತ್ತಿ ಹಿಡಿದು ಜನರಿಗೆ ಕೂಗಿದ. "ಏನೂ ಆಗಲ್ಲ ಕಣ್ರೋ, ಸೇಫ್ ಅಂತ ಬರ್ದವ್ರೆ! ನೋಡಿ, ನಾನ್ ದಾಟ್ತೀನಿ, ನನ್ ಹಿಂದೇ ಬನ್ನಿ!"

ನಿಂತ ಬಸ್ಸಿನ ಪಕ್ಕದಿಂದ ಲಾರಿ ಹೊರಟಿತು. ಹೊಡೆಯುತ್ತಿದ್ದವರೂ ಕೈ ನಿಲ್ಲಿಸಿ ನೋಡಿದರು. ನಡುಗಂಬದ ಮೇಲೆ ಹೋಗುವವರೆಗೆ ಏನೂ ಆಗಲಿಲ್ಲ. ಆಮೇಲೆ ರಸ್ತೆ ಒಂದು ಕಡೆಗೆ ಮಗ್ಗುಲಾಯಿತು, ನಿದ್ದೆಯಲ್ಲಿ ಹೊರಳುವವರ ಹಾಗೆ. ಲಾರಿಯ ಬ್ರೇಕ್ ಲೈಟು ಕೆಂಪಗೆ ಹತ್ತಿತು. ಕಂಬ ಕುಸಿದ ಸದ್ದು ಮೊದಲು ಕಾಲಿಗೆ ಬಂತು, ಕಿವಿಗೆ ಆಮೇಲೆ. ಕೆಂಪು ನೀರು ತೆಂಗಿನಮರದೆತ್ತರ ಎದ್ದು ಬಿತ್ತು. ನೀರು ಇಳಿದ ಜಾಗದಲ್ಲಿ ಸೇತುವೆಯೂ ಇರಲಿಲ್ಲ, ಲಾರಿಯೂ ಇರಲಿಲ್ಲ. ಶೆಡ್ಡಿನಿಂದ ಕಂಬಕ್ಕೆ ಹೋಗಿದ್ದ ವೈರು ಬಿಗಿದು, ಪೆಟ್ಟಿಗೆಯನ್ನು ತಗಡಿನ ಸಮೇತ ಎಳೆದುಕೊಂಡು ಹೊಳೆಗೆ ಹೋಯಿತು.

ಛತ್ರಿ ಹಿಡಿದಿದ್ದವನು ಅದನ್ನು ಬಿಚ್ಚಿ, ನೆಲದ ಮೇಲೆ ಬಿದ್ದಿದ್ದ ಸಿದ್ದಲಿಂಗಪ್ಪನವರ ತಲೆಗೆ ಮಳೆ ಬೀಳದ ಹಾಗೆ ಹಿಡಿದುಕೊಂಡು ಕೂತುಬಿಟ್ಟ. ದಡದ ಕಡೆಯ ತುದಿಯಲ್ಲಿ ಉಳಿದಿದ್ದ ಅದೇ ಬಸ್ಸಿನಲ್ಲಿ, ಗಾಜಿಲ್ಲದ ಮುಂಭಾಗದಿಂದ ಮಳೆ ಹೊಡೆಸಿಕೊಳ್ಳುತ್ತ, ನಮ್ಮಿಬ್ಬರನ್ನೂ ಗುಬ್ಬಿಗೆ, ಅಲ್ಲಿಂದ ತುಮಕೂರಿನ ಆಸ್ಪತ್ರೆಗೆ ತಂದರು.

ಆಸ್ಪತ್ರೆಯಲ್ಲಿ ನಮ್ಮ ಮಂಚಗಳು ಅಕ್ಕಪಕ್ಕ. ಅವರ ಎಡಗಣ್ಣು ಹೋಯಿತು. ಮೂರನೆಯ ದಿನ ಮಾತಾಡಿದರು.

"ಸೊನ್ನೆ ಒತ್ತಿದ್ದು ನಾನು, ಬಿಸಿಲು ಅಂತ ಬರ್ದಿದ್ದು ನೀವು. ಇಬ್ರೂ ಒದೆ ತಿಂದ್ವಿ. ಸಮ ಆಯ್ತು ಬಿಡಿ ಸಾಬ್ರೇ."

ಕಣ್ಣಿನ ಪಟ್ಟಿಯನ್ನು ಬೆರಳಿನಿಂದ ಸರಿಮಾಡಿಕೊಂಡರು.

"ಇಲ್ಲ, ಸಮ ಆಗ್ಲಿಲ್ಲ. ಆ ಮಂಜ..." ಎಂದು ಗೋಡೆಯ ಕಡೆ ತಿರುಗಿದರು.

ಮಂಜ ಸಿಕ್ಕಿದ್ದು ನೀರಿಳಿದ ಮೇಲೆ, ಕುಣಿಗಲ್ ಕಡೆ ಬಹಳ ಕೆಳಗೆ, ಒಂದು ಮರಳ ದಿಣ್ಣೆಯಲ್ಲಿ. ಗುರುತು ಹಿಡಿದದ್ದು ಆ ಕಿವಿಯಿಂದ. ಅದೇ ದಿಣ್ಣೆಯಲ್ಲಿ ಲಾರಿಯ ಮುಂಭಾಗವೂ ಸಿಕ್ಕಿತಂತೆ. ವಿಚಾರಣೆಗೆಂದು ನನ್ನನ್ನು ಸ್ಟೇಷನ್ನಿಗೆ ಕರೆಸಿ ಒಂದು ಹಾಳೆಯನ್ನು ಮುಂದಿಟ್ಟರು. "ಇದು ನಿಮ್ದೇ ಏನ್ರೀ?" ಲ್ಯಾಮಿನೇಷನ್ ಮೇಲೆ ಕೆಸರು ಒಣಗಿತ್ತು. ಹೆಬ್ಬೆರಳಿನಿಂದ ಉಜ್ಜಿದೆ. ಒಳಗೆ ಒಂದು ಹನಿ ನೀರೂ ಹೋಗಿರಲಿಲ್ಲ. ಒಂದಕ್ಷರವೂ ಅಳಿಸಿರಲಿಲ್ಲ. ನನ್ನದೇ ಎಂದೆ. ಆಗಿದ್ದೆಲ್ಲವನ್ನೂ ಬರೆದುಕೊಟ್ಟೆ, ಸೊನ್ನೆ ಒತ್ತಬೇಡಿ ಎಂದು ಹೇಳದವನು ನಾನೇ ಎಂದೂ ಬರೆದೆ. ಎಷ್ಟೋ ತಿಂಗಳ ಮೇಲೆ ಎಲ್ಲ ಮುಗಿದಾಗ ಪೇದೆಯೊಬ್ಬರು ಆ ಹಾಳೆಯನ್ನು ನನ್ನ ಕೈಗೇ ಕೊಟ್ಟರು. ಫೈಲಿನಲ್ಲಿ ಇನ್ನೊಂದು ಪ್ರತಿಯಿತ್ತು.

ಅದನ್ನು ತೆಗೆದುಕೊಂಡು ನೆಟ್ಟಗೆ ಬೆಳ್ಳಾವಿಗೆ ಹೋದೆ. ಸಿದ್ದಲಿಂಗಪ್ಪ ಜಗಲಿಯ ಮೇಲೆ ಕೂತಿದ್ದರು. ಉಳಿದ ಒಂದು ಕಣ್ಣಿಗೆ ಹಾಳೆಯನ್ನು ಹತ್ತಿರ ಹಿಡಿದು ಮೇಲಿನಿಂದ ಕೆಳಗಿನವರೆಗೆ ಓದಿದರು. ಆಮೇಲೆ ನನ್ನ ಜೇಬಿನ ಪೆನ್ನಿಗೆ ಕೈ ಚಾಚಿದರು.

"ನಿಮ್ಮೊಬ್ರದೇ ಯಾಕಿದೆ ಇಲ್ಲಿ? ನಂದೂ ಇರ್ಬೇಕು."

ನನ್ನ ರುಜುವಿನ ಕೆಳಗೆ ತಮ್ಮ ಹೆಸರು ಬರೆಯಹೋದರು. ಪ್ಲಾಸ್ಟಿಕ್ಕಿನ ಮೇಲೆ ಇಂಕು ಹತ್ತಲಿಲ್ಲ. ಪೆನ್ನು ಜಾರಿತು. ಪಂಚೆಯಿಂದ ಒರೆಸಿ ಮತ್ತೆ ಬರೆದರು, ಹತ್ತಲಿಲ್ಲ. ಮೂರನೆಯ ಸಲ ಗಟ್ಟಿಯಾಗಿ ಒತ್ತಿ, ಒಂದೊಂದೇ ಅಕ್ಷರ ಕೊರೆದ ಹಾಗೆ ಬರೆದು, ಪೆನ್ನು ಮುಚ್ಚಿ ಕೊಟ್ಟರು.

ಆ ಹಾಳೆ ನನ್ನ ಬೀರುವಿನಲ್ಲಿದೆ. ಅಂಟಿನ ವಾಸನೆ ಬಂದ ದಿನ ತೆಗೆದು ನೋಡಿದೆ. ನನ್ನ ರುಜು ದೂರದಿಂದಲೇ ಕಾಣುತ್ತದೆ. ಅವರದು ಬರೀ ಗೀರು, ನೇರ ಹಿಡಿದರೆ ಕಾಣುವುದಿಲ್ಲ. ಕಿಟಕಿಯ ಬೆಳಕಿಗೆ ನಾಲ್ಕು ಬೆರಳಿನಷ್ಟು ಓರೆ ಮಾಡಬೇಕು.